ಒಲೆ ಆರಿಸಿದ ವರದಿ

ನಮ್ಮ ಕಾಲೇಜು ಗಾಳಿಗೆ ಬಿಡುವ ಇಂಗಾಲ ಕಡಿಮೆಯಾಗಿದೆ. ಹಾಗಂತ ಪ್ರಾಂಶುಪಾಲರ ಕೋಣೆಯ ಗೋಡೆಯಲ್ಲಿರುವ ಸರ್ಟಿಫಿಕೇಟು ಹೇಳುತ್ತದೆ. ಅದನ್ನು ತಂದುಕೊಟ್ಟ ವರದಿ ಬರೆದವನು ನಾನು. ಓದಿದವರೆಲ್ಲ ಹೊಗಳಿದರು. ನನಗೆ ಮಾತ್ರ ಆ ಕೋಣೆಗೆ ಹೋದರೆ ಮೈ ಉರಿಯುತ್ತದೆ.

ಕಾಲೇಜು ಇರುವುದು ಚನ್ನಗಿರಿ ಪೇಟೆಯಿಂದ ಸ್ವಲ್ಪ ಆಚೆ. ನಾನು ಅಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು. ಕಾಲೇಜಿಗೆ ದರ್ಜೆ ಕೊಡುವ ತಪಾಸಣೆಯವರು ಬರುತ್ತಾರೆಂದು ಗೊತ್ತಾದ ವಾರದಲ್ಲೇ ಒಂದು ಹಸಿರು ಸಮಿತಿ ಹುಟ್ಟಿಕೊಂಡಿತು. ಕ್ಯಾಂಪಸ್ಸಿನಿಂದ ಎಷ್ಟು ಇಂಗಾಲ ಹೋಗುತ್ತದೆ, ಅದನ್ನು ಇಳಿಸುವುದು ಹೇಗೆ ಎಂದು ಯಾರಾದರೂ ಬರೆಯಬೇಕಿತ್ತು. ಇಂಗಾಲ ಅಂದಕೂಡಲೇ ಎಲ್ಲರೂ ನನ್ನ ಮುಖ ನೋಡಿದರು. ನನಗೂ ಒಳಗೊಳಗೇ ಖುಷಿ. ಇಷ್ಟು ವರ್ಷ ಬೋರ್ಡಿನ ಮೇಲೆ ಬರೆದದ್ದು ಒಮ್ಮೆಯಾದರೂ ಕೆಲಸಕ್ಕೆ ಬಂತಲ್ಲ ಅಂದುಕೊಂಡೆ.

ಶ್ರದ್ಧೆಯಿಂದಲೇ ಶುರು ಮಾಡಿದೆ. ಜನರೇಟರಿನ ಡೀಸೆಲ್ಲು, ಕರೆಂಟು, ಲ್ಯಾಬಿನ ಗ್ಯಾಸು ಎಲ್ಲ ಗುರುತು ಹಾಕಿಕೊಂಡೆ. ಬೆಳಿಗ್ಗೆ ಗೇಟಿನಲ್ಲಿ ನಿಂತು ವಾಹನ ನೋಡಿದೆ. ಹೊನ್ನಾಳಿ, ನ್ಯಾಮತಿ ಕಡೆಯ ಹುಡುಗರು ಬಸ್ಸಿನ ಬಾಗಿಲಿಗೆ ಜೋತುಬಿದ್ದು ಬರುತ್ತಿದ್ದರು. ದಾವಣಗೆರೆ, ಶಿವಮೊಗ್ಗದಿಂದ ಬರುವ ಮೇಷ್ಟ್ರುಗಳಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಾರು. ನಾನೂ ಅವರಲ್ಲೊಬ್ಬ. ಎಲ್ಲ ಕೂಡಿಸಿದರೆ ದೊಡ್ಡ ಪಾಲು ನಮ್ಮ ಕಾರುಗಳದ್ದೇ ಆಯಿತು. ನಾಲ್ಕು ಜನ ಸೇರಿ ಒಂದು ಕಾರಿನಲ್ಲಿ ಬರೋಣ, ಇಲ್ಲವೇ ಬಸ್ಸು ಹಿಡಿಯೋಣ ಅಂತ ಸ್ಟಾಫ್ ರೂಮಿನಲ್ಲಿ ಹೇಳಿ ನೋಡಿದೆ.

“ಮೊದ್ಲು ನೀವು ಬಸ್ನಾಗೆ ಬರ್ರಿ, ಆಮ್ಯಾಲೆ ನಮಗೆ ಹೇಳಾಕೆ ಬರ್ರಿ” ಅಂತ ಹಿರಿಯರೊಬ್ಬರು ನಕ್ಕರು. ನಾನು ಒಂದು ದಿನವೂ ಬಸ್ಸಿನಲ್ಲಿ ಬರಲಿಲ್ಲ. ಅಲ್ಲಿಗೆ ನನ್ನ ಬಾಯಿ ಬಂದ್ ಆಯಿತು.

ಮರುದಿನ ಪ್ರಾಂಶುಪಾಲರು ಕರೆದು ಮೆಲ್ಲಗೆ ಹೇಳಿದರು. “ಕಾರಿನ ತಂಟೆ ಬ್ಯಾಡ್ರಿ. ಹಾಸ್ಟೆಲ್ ಒಲೆ ಐತಲ್ಲ, ಎಷ್ಟು ಹೊಗೆ ಬರ್ತೈತೆ ನೋಡ್ರಿ. ಅದನ್ನ ಹಿಡೀರಿ.”

ಹಾಸ್ಟೆಲಿನ ಒಲೆ ಉಬ್ರಾಣಿ ಕಡೆಯ ಒಬ್ಬ ಹೆಂಗಸಿನ ಕೈಯಲ್ಲಿತ್ತು. ಹುಡುಗರು ಅಕ್ಕ ಅನ್ನುತ್ತಿದ್ದರು. ಗಂಡ ತೀರಿಕೊಂಡಿದ್ದ. ಮಗಳು ನರ್ಸಿಂಗ್ ಓದುತ್ತಿದ್ದಳು, ಆ ಓದು ನಡೆಯುತ್ತಿದ್ದುದು ಈ ಅಡುಗೆ ಕೆಲಸದಿಂದಲೇ. ನೇಮಕದ ಕಾಗದ ಗೀಗದ ಏನೂ ಇರಲಿಲ್ಲ. ಬಾ ಅಂದಿದ್ದರು, ಬಂದಿದ್ದಳು.

ಆಕೆಯ ಒಲೆಗೆ ಅಡಿಕೆ ಸಿಪ್ಪೆಯೇ ಉರುವಲು. ಚನ್ನಗಿರಿ ಕಡೆ ಅಡಿಕೆ ಸುಲಿದ ಮೇಲೆ ಸಿಪ್ಪೆಯನ್ನು ರಸ್ತೆ ಬದಿಗೆ ಸುರಿದು ಬೆಂಕಿ ಇಟ್ಟು ಹೋಗುತ್ತಾರೆ. ಅದು ವಾರಗಟ್ಟಲೆ ಹೊಗೆಯಾಡುತ್ತದೆ, ಯಾರೂ ತಿರುಗಿ ನೋಡುವುದಿಲ್ಲ. ಅದನ್ನು ನೋಡಿ ನೋಡಿ ಬೇಸತ್ತು ಆಕೆಯೇ ಒಂದು ಪದ್ಧತಿ ಮಾಡಿದ್ದಳು. ಹಾಸ್ಟೆಲಿನಲ್ಲಿ ಮಗ ಇರುವ ಪ್ರತಿ ಅಡಿಕೆ ಮನೆಯವರೂ ಸುಲಿತದ ಕಾಲಕ್ಕೆ ಒಂದು ಟ್ರ್ಯಾಕ್ಟರ್ ಸಿಪ್ಪೆ ತಂದು ಹಿತ್ತಲಿಗೆ ಸುರಿಯಬೇಕು. ಅದನ್ನು ಒಣಗಿಸಿ ಶೆಡ್ಡಿಗೆ ತುಂಬಿಸಿದರೆ ವರ್ಷವಿಡೀ ಮುದ್ದೆ, ಸಾರು, ಹುಡುಗರ ಸ್ನಾನದ ಬಿಸಿನೀರು ಎಲ್ಲ ಅದರಲ್ಲೇ. ಕಟ್ಟಿಗೆ ಅಂತ ಒಂದು ತುಂಡನ್ನೂ ಆಕೆ ಒಲೆಗೆ ಇಟ್ಟವಳಲ್ಲ.

ನಮಗೆ ಬಂದ ಫಾರಂನಲ್ಲಿ ಅಡಿಕೆ ಸಿಪ್ಪೆಗೆ ಜಾಗವೇ ಇರಲಿಲ್ಲ. ಕಟ್ಟಿಗೆ, ಇದ್ದಿಲು, ಗ್ಯಾಸು, ಅಷ್ಟೇ. ನಾನು ಕಟ್ಟಿಗೆಯ ಎದುರು ಸಿಪ್ಪೆಯ ತೂಕ ಬರೆದೆ. ಬರೆದಕೂಡಲೇ ಕಾಗದದ ಮೇಲೆ ನಮ್ಮ ಹಾಸ್ಟೆಲು ತಿಂಗಳು ತಿಂಗಳೂ ಮರ ಕಡಿದು ಸುಡುವ ಜಾಗವಾಯಿತು. ನಾನು ಜಗಳೂರು ಕಡೆಯ ಬಯಲುಸೀಮೆಯವನು, ಅಡಿಕೆ ವಿಷಯ ನನಗೇನು ಗೊತ್ತು ಅಂತ ಆಮೇಲೆ ಕೇಳಿದವರಿಗೆ ಹೇಳಿದ್ದುಂಟು. ಶುದ್ಧ ಸುಳ್ಳು. ಹೇಗೂ ಉರಿದು ಹೋಗುವ ಸಿಪ್ಪೆ, ರಸ್ತೆಯಲ್ಲಿ ಸುಮ್ಮನೆ ಉರಿಯುವ ಬದಲು ಒಲೆಯಲ್ಲಿ ಉರಿದು ಊಟವಾಗುತ್ತಿದೆ ಅನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ಕೆಳಗೆ ಒಂದು ಸಾಲು ಟಿಪ್ಪಣಿ ಬರೆದಿದ್ದರೆ ಸಾಕಿತ್ತು. ಬರೆದರೆ ಒಲೆಯ ಲೆಕ್ಕ ಬಿದ್ದುಹೋಗಿ ಮತ್ತೆ ಕಾರಿನ ಮಾತು ಮೇಲೆ ಬರುತ್ತಿತ್ತು, ಅದಕ್ಕೇ ಬರೆಯಲಿಲ್ಲ.

ಒಲೆ ಮುಚ್ಚುವುದೆಂದು ತೀರ್ಮಾನವಾದ ದಿನ ಆಕೆ ಲ್ಯಾಬಿಗೆ ಬಂದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಬಾಗಿಲಲ್ಲೇ ನಿಂತಳು.

“ಸಾರ್, ನನ್ನ ಒಲೆ ಕಾಡು ತಿಂತೈತೆ ಅಂತ ಬರ್ದೀರಂತೆ. ನಾನು ಯಾವಾಗ ಕಟ್ಟಿಗೆ ಇಟ್ಟೀನ್ರಿ? ಸಿಪ್ಪೆ ಶೆಡ್ ನೀವೇ ನೋಡೀರಲ್ಲ.”

“ಫಾರಂನಲ್ಲಿ ಸಿಪ್ಪೆ ಅಂತ ಇಲ್ಲಮ್ಮ” ಅಂದೆ.

“ಇಲ್ದಿದ್ರೆ ನೀವು ಬರೀಬೇಕಿತ್ತು.”

ಆಕೆ ದನಿ ಏರಿಸಲಿಲ್ಲ. ಪ್ರಾಂಶುಪಾಲರ ಹತ್ತಿರ ಮಾತಾಡುತ್ತೇನೆ ಅಂದೆ. ಮಾತಾಡಲಿಲ್ಲ. ತಿಂಗಳ ಕೊನೆಗೆ ಆಕೆಯ ಕೆಲಸ ಹೋಯಿತು. ಮಗಳು ಓದು ಬಿಟ್ಟು ಚನ್ನಗಿರಿಯ ಬಟ್ಟೆ ಅಂಗಡಿಯೊಂದಕ್ಕೆ ಸೇರಿದಳೆಂದು ಹುಡುಗರು ಹೇಳಿದರು.

ಆಮೇಲೆ ಹಾಸ್ಟೆಲಿಗೆ ಊಟ ಪೇಟೆಯಿಂದ ಡೀಸೆಲ್ ವ್ಯಾನಿನಲ್ಲಿ ಬರತೊಡಗಿತು, ಮೂರು ಹೊತ್ತೂ. ಅಡುಗೆ ಆಗುವುದು ಕಾಂಪೌಂಡಿನ ಆಚೆ, ಆದ್ದರಿಂದ ಅದರ ಇಂಗಾಲ ನಮ್ಮದಲ್ಲ. ಇದೇ ಉಪಾಯ ಕಾರಿಗೂ ಆಯಿತು. ಎಲ್ಲರೂ ಕಾರನ್ನು ಗೇಟಿನ ಹೊರಗೆ ರಸ್ತೆಯಲ್ಲಿ ನಿಲ್ಲಿಸಿ ನಡೆದು ಒಳಗೆ ಬಂದೆವು, ಗೇಟಿಗೆ ‘ವಾಹನಮುಕ್ತ ಆವರಣ’ ಅಂತ ಬೋರ್ಡು ಬಿತ್ತು. ಹುಡುಗರ ಮನೆಯ ಸಿಪ್ಪೆ ಮತ್ತೆ ರಸ್ತೆ ಬದಿ ಸೇರಿತು. ತಪಾಸಣೆಯ ದಿನ ಅದರ ಹೊಗೆ ನೇರ ಸಭಾಂಗಣಕ್ಕೇ ನುಗ್ಗಿತು, ತಪಾಸಣೆಗೆ ಬಂದವರೆಲ್ಲ ಕೆಮ್ಮತೊಡಗಿದರು. ಕಿಟಕಿ ಮುಚ್ಚಿಸಿ ಎಸಿ ಹಾಕಿದೆವು. ನಾನು ಇಳಿಕೆಯ ಗ್ರಾಫು ತೋರಿಸಿದೆ, ಚಪ್ಪಾಳೆಯೂ ಬಿತ್ತು.

ಮರುವರ್ಷ ಕತ್ತಲಗೆರೆ ಕಡೆಯಿಂದ ಬರುವಾಗ ರಸ್ತೆ ತುಂಬ ಹೊಗೆ ಕವಿದು ಕಾರು ನಿಲ್ಲಿಸಿ ಇಳಿಯಬೇಕಾಯಿತು. ಪಕ್ಕದಲ್ಲಿ ಅಡಿಕೆ ಬೇಯಿಸುವ ಶೆಡ್ಡು. ದೊಡ್ಡ ಹಂಡೆಯ ಕೆಳಗೆ ಉರುವಲು ನೂಕುತ್ತಿದ್ದವಳು ಆಕೆಯೇ. ಕಣ್ಣು ಕೆಂಡವಾಗಿತ್ತು, ಮೊಣಕೈವರೆಗೂ ಮಸಿ. ಹಾಸ್ಟೆಲಿನ ಒಲೆ ಇದರ ಮುಂದೆ ಏನೂ ಅಲ್ಲ. ನಾಚಿಕೆಯಿಂದ ಕಾರು ಹತ್ತಿ ಹೊರಟುಬಿಡೋಣ ಅನಿಸಿತು, ಅಷ್ಟರಲ್ಲಿ ನನ್ನನ್ನು ನೋಡಿಬಿಟ್ಟಳು.

“ಊಟ ಆತೇನ್ರಿ ಸಾರ್?” ಅಂದಳು. ಆಮೇಲೆ, “ಕಾಲೇಜಾಗೆ ಈಗ ಹೊಗೆ ಇಲ್ವಂತೆ. ಚಲೋ ಆತು ಬಿಡ್ರಿ” ಅಂದಳು. ಚುಚ್ಚುವುದಕ್ಕೆ ಅಂದದ್ದಲ್ಲ. ಚುಚ್ಚಿದ್ದರೆ ತಡೆದುಕೊಳ್ಳಬಹುದಿತ್ತು.

ಏನೋ ಹೇಳಬೇಕೆಂದು ಶೆಡ್ಡಿನ ಕಡೆಗೆ ಎರಡು ಹೆಜ್ಜೆ ಇಟ್ಟೆ. ಆಕೆ ತಟ್ಟನೆ ಎದ್ದು ನಿಂತಳು.

“ಸಾರ್, ಈ ಒಲೆನೂ ಬರ್ಕಂಡು ಹೋಗಬ್ಯಾಡ್ರಿ. ದೀಪಾವಳಿ ಮಟ ಇದೊಂದೇ ಕೆಲ್ಸ ಐತೆ ನಂಗೆ.”

ಬರೆಯಲ್ಲ ಅಂದೆ. ಆಕೆ ನನ್ನ ಜೇಬಿನ ಪೆನ್ನನ್ನು ನೋಡಿದಳು, ಒಲೆಗೆ ಅಡ್ಡವಾಗಿ ನಿಂತಳು, ನಾನು ಕಾರು ಹತ್ತುವವರೆಗೂ ಅಲ್ಲಿಂದ ಕದಲಲಿಲ್ಲ.