ಟುವಾಟಾರಾ ಸಾಹೇಬರ ಚೀಲ

ನಮ್ಮ ಉಡಗಳನ್ನು ಕೊಲ್ಲಿಸುತ್ತಿರುವವರು ಅವನ್ನು ಕಾಯಬೇಕಾದವರೇ. ಕಣ್ಣಾರೆ ಕಂಡು ಹೇಳುತ್ತಿದ್ದೇನೆ.

ಗುಬ್ಬಿಯ ಕಾಲೇಜೊಂದರಲ್ಲಿ ಅರಣ್ಯಾಧಿಕಾರಿಯೊಬ್ಬರು ಸ್ಲೈಡ್ ಹಾಕಿ ಟುವಾಟಾರಾ ತೋರಿಸಿದರು. ನ್ಯೂಜಿಲೆಂಡಿನ ದ್ವೀಪಗಳಲ್ಲಿರುವ ಪ್ರಾಣಿ. ನೋಡಲು ಹಲ್ಲಿ, ಆದರೆ ಹಲ್ಲಿಯಲ್ಲ. ಡೈನೋಸಾರ್ ಕಾಲದ ಒಂದು ವಂಶದಲ್ಲಿ ಉಳಿದಿರುವುದು ಅದೊಂದೇ. "ಅದರ ಮೊಟ್ಟೆ ತಿನ್ನೋ ಒಂದು ಇಲೀನೂ ನುಗ್ಗಬಾರದು ಅಂತ ಅಲ್ಲಿ ದೋಣಿ ಇಳಿಯೋರ ಚೀಲ ಬಿಚ್ಚಿಸಿ ನೋಡ್ತಾರೆ," ಎನ್ನುತ್ತಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಗೇಟಿನಾಚೆ ಒಬ್ಬ ಉಡ ಕೊಂದು ಕೊಬ್ಬು ಕರಗಿಸಿ ತೆಗೆದ ಉಡದೆಣ್ಣೆ ಮಾರುತ್ತಿದ್ದ. ಪಕ್ಕದಲ್ಲಿ ಬಾಲವನ್ನು ಕೊರಳಿಗೆ ಹಗ್ಗದಿಂದ ಬಿಗಿದು ಕಟ್ಟಿದ್ದ ಜೀವಂತ ಉಡ.

"ಬಿಚ್ಚೋ ಅದನ್ನ, ಕೇಸಾಗುತ್ತೆ," ಅಂದೆ.

"ಯಾರಣ್ಣ ಹಾಕೋರು? ಭಾಷಣಕ್ಕೆ ಮುಂಚೆ ಆ ಸಾಹೇಬ್ರೇ ಎರಡು ಸೀಸೆ ತಗೊಂಡೋದ್ರು," ಎಂದು ನಕ್ಕ.

ಚೀಲ ಹಿಡಿದು ಜೀಪು ಹತ್ತುತ್ತಿದ್ದ ಸಾಹೇಬರನ್ನು ಅಡ್ಡಗಟ್ಟಿದೆ. "ಸಾರ್, ಚೀಲ ಬಿಚ್ಚಿ. ದ್ವೀಪದ ರೂಲು."

"ಮಂಡಿನೋವು ಕಣಯ್ಯ," ಎಂದು ಪಿಸುಗುಟ್ಟಿದರು.

"ಹಂಗಾದ್ರೆ ಆ ಉಡದ ಹಗ್ಗ ಬಿಚ್ಚಿಸಿ. ಇಲ್ಲಾಂದ್ರೆ ನಿಮ್ಮ ಚೀಲದ ಜಿಪ್ಪು ನಾನೇ ಬಿಚ್ತೀನಿ, ಹುಡುಗರೆಲ್ಲ ನೋಡ್ಲಿ."

ಸಾಹೇಬರು ಕಣ್ಸನ್ನೆ ಮಾಡಿದರು. ಮಾರುವವನು ಹಗ್ಗ ಬಿಚ್ಚಿದ, ಉಡ ಬೇಲಿಗೆ ನುಗ್ಗಿತು. ಚೀಲ ಮಾತ್ರ ಮುಚ್ಚಿಕೊಂಡೇ ಜೀಪು ಹತ್ತಿತು. ಕೇಸು ಹಾಕಿಸದೆ ಬಿಟ್ಟದ್ದು ನನ್ನ ತಪ್ಪು. ಮರುವಾರ ಕುಣಿಗಲ್ಲಿನಲ್ಲೂ ಅವರದೇ ಟುವಾಟಾರಾ ಭಾಷಣವಂತೆ. ಮತ್ತೆ ಕಣ್ಣೊರೆಸಿಕೊಂಡಿರಬೇಕು.

ಅವರು ಚೀಲ ಬಿಚ್ಚಲಿಲ್ಲ. ನೀವು ನಿಮ್ಮ ಮನೆಯ ಅಲಮಾರಿ ತೆಗೆಯಿರಿ. ಉಡದೆಣ್ಣೆಯ ಸೀಸೆ ಇದ್ದರೆ ಇವತ್ತೇ ಬಚ್ಚಲಿಗೆ ಸುರಿಯಿರಿ, ಇನ್ನೊಂದು ಕೊಳ್ಳಬೇಡಿ.