ಎರಡನೆಯ ಆಟದ ಕೊನೆಯ ಮನೆ

ಸುನಂದಾಳ ಎರಡನೆಯ ಮೊಬೈಲ್ ಆಟದ ಕೆಳಗೆ ಇಂಗ್ಲಿಷಿನಲ್ಲಿ ಆ ಉದ್ದನೆಯ ಟೀಕೆ ಬರೆದವಳು ನಾನು. ಬೇರೆ ಹೆಸರಿನಲ್ಲಿ ಬರೆದೆ. ಅವಳು ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ಧಾರವಾಡದ ಇದೇ ಮನೆಯಲ್ಲಿ, ಇದೇ ಒಲೆಯ ಮುಂದೆ ನನ್ನ ಪಕ್ಕದಲ್ಲಿ ನಿಲ್ಲುವವಳು. ಬರೆದದ್ದಷ್ಟೇ ಆಗಿದ್ದರೆ ಇಷ್ಟು ವರ್ಷಗಳ ಮೇಲೆ ಈ ಹಾಳೆಗಳು ಬೇಕಿರಲಿಲ್ಲವೇನೋ — ಬರೆದದ್ದಕ್ಕಿಂತ ಕೆಟ್ಟದ್ದನ್ನು ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಕೂತು ಮಾಡಿದೆ.

ಆ ಬೆಳಿಗ್ಗೆ ಎಲ್ಲ ಬೆಳಗಿನಂತೆಯೇ ಇತ್ತು. ಹಾಲು ಉಕ್ಕುವ ಮೊದಲೇ ಇಳಿಸಿದ್ದೆ. ಹನ್ನೊಂದು ರೊಟ್ಟಿ ಬಡಿದು ಅರಿವೆಯಲ್ಲಿ ಸುತ್ತಿಟ್ಟಿದ್ದೆ. ನಮ್ಮ ಮನೆಯವರು ಕಚೇರಿಗೆ, ಮೈದುನ ಇಲ್ಲೇ ಊರ ಹೊರಗಿನ ಬೇಲೂರಿನ ಕಾರ್ಖಾನೆಗೆ ಹೋದ ಮೇಲೆ ಎರಡನೆಯ ಸುತ್ತಿನ ಚಹಾ ನಮ್ಮಿಬ್ಬರದು. ಕಪ್ಪಿನ ಹಿಡಿಯನ್ನು ಅವಳ ಕಡೆ ತಿರುಗಿಸಿ ಕೊಟ್ಟೆ. ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಕಲಿಸಿದ ರೂಢಿ — ಬಿಸಿ ನಿಮ್ಮ ಬೆರಳಿಗಿರಲಿ, ಹಿಡಿ ಎದುರಿನವರಿಗಿರಲಿ ಅನ್ನುತ್ತಿದ್ದರು. ನನಗೆ ಅದು ಈಗ ಗೊತ್ತಾಗುವುದೂ ಇಲ್ಲ, ಕೈ ತಾನೇ ತಿರುಗಿಸುತ್ತದೆ.

ಸುನಂದಾ ಕಪ್ಪನ್ನು ಬದಿಗಿಟ್ಟು ಬಗಲಿನಿಂದ ಒಂದು ನೋಟುಬುಕ್ಕು ತೆಗೆದಳು.

"ಅಕ್ಕಾ, ಒಂದೀಟ ಇದನ್ನ ಕನ್ನಡದಾಗ ಹೇಳ್ರಿ. ನಾ ಓದೂದು ಓದೇನಿ, ಪೂರಾ ತಿಳೀವಲ್ದು. ಫೋನಿನ್ಯಾಗ ಹಾಕಿದ್ರ ಅದು ಏನೇನೋ ಬರೀತದ."

ನನ್ನ ಟೀಕೆಯನ್ನು ಅವಳು ಕೈಯಲ್ಲಿ ಬರೆದುಕೊಂಡಿದ್ದಳು. ದುಂಡನೆಯ ಅಕ್ಷರ; ಕಠಿಣ ಪದಗಳ ಕೆಳಗೆ ಪೆನ್ಸಿಲಿನ ಗೆರೆ. ಒಂದು ಕಡೆ ಅಳಿಸಿ ಮತ್ತೆ ಬರೆದಿದ್ದಳು, ನನ್ನ ಮಾತು ತಪ್ಪಾಗಬಾರದೆಂದು.

ಆಟದ ಸಂಗತಿ ಹೇಳಬೇಕು. ಸುನಂದಾ ಅಮ್ಮಿನಬಾವಿಯವಳು, ಕನ್ನಡ ಶಾಲೆಯಲ್ಲಿ ಓದಿ ಬಿ.ಸಿ.ಎ. ಮಾಡಿದವಳು. ನಮ್ಮ ಮನೆಗೆ ಬಂದ ಮೇಲೆ ಹಳೆಯ ಲ್ಯಾಪ್‌ಟಾಪಿನಲ್ಲಿ ತಾನೇ ಕಲಿತು, ತಾನೇ ಚಿತ್ರ ಬರೆದು ಮೊಬೈಲಿಗೊಂದು ಆಟ ಮಾಡಿದಳು. ದಸರೆಯ ಸಂಜೆ ಒಬ್ಬ ಹುಡುಗಿ ಬನ್ನಿ ಎಲೆ ಹಿಡಿದು ಓಣಿಯ ಮನೆಮನೆಗೆ ಹೋಗುತ್ತಾಳೆ. 'ಬನ್ನಿ ತಗೊಂಡು ಬಂಗಾರದಂಗ ಇರೋಣು' ಅನ್ನುತ್ತಾಳೆ. ಜಗಳವಾದವರ ಮನೆಗೂ ಹೋಗಲೇಬೇಕು. ಗೆಲ್ಲುವುದಿಲ್ಲ, ಸೋಲುವುದಿಲ್ಲ. ಕೊನೆಯ ಮನೆಯ ಬಾಗಿಲು ಮಾತ್ರ ಎಷ್ಟು ಬಡಿದರೂ ತೆರೆಯುವುದಿಲ್ಲ. ಎಲೆಯನ್ನು ಹೊಸ್ತಿಲ ಮೇಲಿಟ್ಟು ತಿರುಗಿದರೆ ಆಟ ಮುಗಿಯಿತು.

ಆ ಬಾಗಿಲು ನನ್ನ ಬದುಕಿನದು. ಅವ್ವ ತೀರಿಕೊಂಡ ವರ್ಷ ನನಗೂ ನನ್ನ ಅಕ್ಕನಿಗೂ ಮಾತು ನಿಂತಿತ್ತು. ದಸರೆಗೆ ಬನ್ನಿ ಹಿಡಿದು ಕಮರಿಪೇಟೆಯ ಅವಳ ಮನೆಗೆ ಹೋದೆ. ಒಳಗೆ ಟಿ.ವಿ. ಸದ್ದು, ಯಾರೋ ಅದನ್ನು ಸಣ್ಣದು ಮಾಡಿದರು — ಬಾಗಿಲು ತೆರೆಯಲಿಲ್ಲ. ಒಂದು ಮಧ್ಯಾಹ್ನ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಇದನ್ನು ಸುನಂದಾಳಿಗೆ ಹೇಳಿದ್ದೆ. ಅವಳು ಕೇಳಿಕೊಂಡಳು, ಆಮೇಲೆ ಆಟದಲ್ಲಿಟ್ಟಳು. ಟಿ.ವಿ. ಸದ್ದು ಸಣ್ಣದಾಗುವುದನ್ನೂ ಇಟ್ಟಳು.

ನಾನು ದಿನವೂ ಮಧ್ಯಾಹ್ನ ಆಡುತ್ತಿದ್ದೆ. ಹೊಸ್ತಿಲ ಮೇಲೆ ಎಲೆ ಇಡಲಿಕ್ಕೆ, ಅಷ್ಟಕ್ಕೇ. ನನ್ನಂಥವರು ಎಲ್ಲೆಲ್ಲೋ ಇದ್ದರಂತೆ. ಎದುರು ಮನೆಯ ಕಮಲಾಬಾಯಿ, ಅಂಚೆ ಕಚೇರಿಯಿಂದ ನಿವೃತ್ತರಾಗಿ ಮಂಡಿನೋವಿನಿಂದ ಕೂತಲ್ಲೇ ಕೂತವರು, ಅವರೂ ಬಿಡದೆ ಆಡುತ್ತಿದ್ದರು. ಎಲ್ಲರೂ ಎರಡನೆಯದು ಯಾವಾಗ ಎಂದು ಸುನಂದಾಳಿಗೆ ಬರೆಯುತ್ತಿದ್ದರು. ನನಗೆ ಮಾತ್ರ ಒಳಗೊಳಗೇ ಒಂದು ಮುಳ್ಳು — ಹೊಗಳಿಕೆಯೆಲ್ಲ ಅವಳಿಗೆ, ಬಾಗಿಲು ನನ್ನದು.

ಮುಂದಿನ ದಸರೆಗೆ ಎರಡನೆಯ ಆಟ ಬಂತು. ಅದರಲ್ಲಿ ಹುಡುಗಿ ಓಡುತ್ತಾಳೆ. ನಾಯಿ ಬೆನ್ನು ಹತ್ತುತ್ತದೆ, ಮೂಲೆಯಲ್ಲಿ ಗಡಿಯಾರ ಓಡುತ್ತದೆ, ಮುಟ್ಟಿದ ಎಲೆಯೆಲ್ಲ ಬಂಗಾರದ ನಾಣ್ಯವಾಗಿ ಝಣ್ ಅನ್ನುತ್ತದೆ. ಯಾರ ಮನೆಯೊಳಗೂ ನಿಲ್ಲಲು ಪುರುಸೊತ್ತಿಲ್ಲ. ಮೊದಲನೆಯದನ್ನು ಪ್ರೀತಿಸಿದವರಿಗೆ ಸಿಟ್ಟು ಬಂತು. ಇದು ನಮ್ಮ ಓಣಿಯಲ್ಲ ಎಂದು ಬರೆದರು. ನಾನು ನಾಲ್ಕನೆಯ ಮನೆಯ ಹತ್ತಿರ ನಿಲ್ಲಿಸಿಬಿಟ್ಟೆ. "ಎಲ್ಲೀತನಕ ಬಂದ್ರಿ, ಅಕ್ಕಾ?" ಎಂದು ಸುನಂದಾ ದಿನಕ್ಕೊಮ್ಮೆ ಕೇಳುತ್ತಿದ್ದಳು, ಕೇಳಿ ಮುಖ ನೋಡುತ್ತಿದ್ದಳು. "ಆಡ್ತೇನಿ ತಡಿ, ಕೆಲಸ ಐತಿ" ಅನ್ನುತ್ತಿದ್ದೆ.

ಐದನೆಯ ದಿನ ಟೀಕೆ ಬರೆದೆ. ಇಪ್ಪತ್ತು ವರ್ಷ ನನ್ನ ಇಂಗ್ಲಿಷಿಗೆ ಔಷಧಿ ಚೀಟಿ ಓದುವುದು, ಅರ್ಜಿ ತುಂಬುವುದು ಬಿಟ್ಟರೆ ಕೆಲಸವಿರಲಿಲ್ಲ. ಆ ಮಧ್ಯಾಹ್ನ ಒಂದೊಂದೇ ವಾಕ್ಯ ಪೆಟ್ಟಿಗೆಯೊಳಗಿನ ರೇಷ್ಮೆ ಸೀರೆಯಂತೆ ಬಿಚ್ಚಿಕೊಂಡು ಬಂತು — ನುಣುಪಾಗಿ, ತಣ್ಣಗೆ. ಪೂರ್ತಿ ಆಡಿಯೇ ಬರೆಯುತ್ತಿದ್ದೇನೆ ಎಂದು ಸುಳ್ಳು ಬರೆದೆ. ಕೊನೆಗೆ ಬರೆದೆ: ಮೊದಲನೆಯ ಆಟ ಚೆನ್ನಾಗಿ ಬಂದದ್ದು ಬಹುಶಃ ಆಕಸ್ಮಿಕ, ಮಾಡಿದವಳಿಗೆ ತಾನೇನು ಮಾಡಿದೆನೆಂದು ತಿಳಿದಿರಲಿಲ್ಲ, ಅದಕ್ಕೆ ಈ ಎರಡನೆಯದೇ ಸಾಕ್ಷಿ. ನೂರಾರು ಜನ ಒಪ್ಪಿಗೆಯ ಗುರುತು ಒತ್ತಿದರು. ಒಗ್ಗರಣೆ ಹಾಕುವಾಗಲೂ ಫೋನ್ ತೆಗೆದು ಎಣಿಸಿದೆ. ಸುಖ ಅನಿಸಿತು. ಬೇರೆ ಮಾತು ಹುಡುಕಿದೆ, ಸಿಗಲಿಲ್ಲ — ಸುಖವೇ.

ಈಗ ಅದೇ ಟೀಕೆ ನನ್ನ ಮುಂದೆ, ಅವಳ ಅಕ್ಷರದಲ್ಲಿ.

"ಬ್ಯಾರೇದವರೆಲ್ಲ ಬೈದಾರ, ಅದೇನ ದೊಡ್ಡದಲ್ರಿ," ಅಂದಳು. "ಇವ್ರು ಮೊದಲನೇ ಆಟದಾಗಿನ ಹೊಸ್ತಲಾ, ಟಿ.ವಿ. ಸದ್ದು, ಎಲ್ಲಾ ಲಕ್ಷ್ಯ ಕೊಟ್ಟು ನೋಡ್ಯಾರ. ಇಷ್ಟು ಛಂದ ಇಂಗ್ಲಿಷ್ ಬರಿಯೋರು ಸುಮ್ಮಸುಮ್ಮನ ಬೈಯೂದಿಲ್ಲ ಬಿಡ್ರಿ."

ಆಗ ಹೇಳಬಹುದಿತ್ತು. ನೋಟುಬುಕ್ಕು ಮುಚ್ಚಿ, ಇದೆಲ್ಲ ಹೊಟ್ಟೆಕಿಚ್ಚಿನವರ ಮಾತು ಅಂದಿದ್ದರೂ ಸಾಕಿತ್ತು. ನಾನು ಕನ್ನಡಕ ಹಾಕಿಕೊಂಡೆ. ಸಾಲುಸಾಲಾಗಿ ಕನ್ನಡ ಮಾಡಿ ಹೇಳಿದೆ, ಸಾವಕಾಶ, ಒಳ್ಳೆಯ ಉಪಾಧ್ಯಾಯಿನಿಯ ಹಾಗೆ. ಗೆರೆ ಎಳೆದ ಪದಗಳಿಗೆ ಎರಡೆರಡು ಅರ್ಥ ಕೊಟ್ಟೆ. ಕೊನೆಯ ವಾಕ್ಯಕ್ಕೆ ಬಂದಾಗ —

"ಮೊದಲನೇ ಆಟ ಛಲೋ ಆಗಿದ್ದು ಆಕಸ್ಮಿಕ ಅಂತ. ಮಾಡಿದಾಕಿಗೆ ತಾ ಏನ ಮಾಡೇನಿ ಅನ್ನೂದ ತಿಳಿದಿದ್ದಿಲ್ಲ ಅಂತ."

'ಬಹುಶಃ' ಬಿಟ್ಟೆ. ಅವಳಿಗೂ ಗೊತ್ತಿದ್ದ ಪದ ಅದು, ಅದರ ಕೆಳಗೆ ಗೆರೆಯಿರಲಿಲ್ಲ. ಆದರೂ ಅವಳು ಹಾಳೆ ನೋಡಲಿಲ್ಲ, ನನ್ನ ಬಾಯಿ ನೋಡಿದಳು.

ಅವಳು ಕೇಳಿದಳು: "ಇವ್ರು ಕಡೀ ಮನೀತನಕ ಹೋಗ್ಯಾರೇನ್ರಿ?"

"ಪೂರಾ ಆಡೇನಿ ಅಂತ ಬರದಾರಲ್ಲ."

"ಕಡೀ ಮನಿ ನೋಡಿದ ಮ್ಯಾಲೂ ಹಿಂಗ ಬರದಾರಂದ್ರ…" ಮಾತು ಅಲ್ಲಿಗೇ ಬಿಟ್ಟಳು. ಆಮೇಲೆ ತೀರ ಮೆಲ್ಲಗೆ, "ನಿಮಗೂ ಹಂಗ ಅನಸ್ತದೇನ್ರಿ, ಅಕ್ಕಾ?"

"ಬರದವರು ತಿಳಿದವರ ಇದ್ದಂಗ ಕಾಣಸ್ತದವಾ," ಅಂದೆ.

ಅವಳು ತಲೆಯಾಡಿಸಿದಳು. ನೋಟುಬುಕ್ಕಿನ ಮಡಿಚಿದ ಮೂಲೆಯನ್ನು ಉಗುರಿನಿಂದ ತೀಡಿ ನೆಟ್ಟಗೆ ಮಾಡಿದಳು. ಚಹಾದ ಮೇಲೆ ಕೆನೆ ಕಟ್ಟಿತ್ತು. ಅದನ್ನು ಹಾಗೆಯೇ ಕುಡಿದು, ಕಪ್ಪು ತೊಳೆದಿಟ್ಟು ಮೇಲೆ ಹೋದಳು. ಮಧ್ಯಾಹ್ನ ಊಟಕ್ಕೆ ಕೂತಾಗ, ಎರಡೂ ಆಟ ತೆಗೆದು ಹಾಕಿದೆ ಅಂದಳು, ಉಪ್ಪಿನಕಾಯಿ ಬಡಿಸಿಕೊಳ್ಳುತ್ತ. ಮೊದಲನೆಯದನ್ನು ಯಾಕೆ ತೆಗೆದೆ ಎಂದು ನಾನು ಕೇಳಲಿಲ್ಲ. ಆಕಸ್ಮಿಕವಾಗಿ ಬಂದದ್ದು ತನ್ನದಲ್ಲ ಎಂದು ಅವಳಿಗೆ ಕಲಿಸಿದವಳೇ ನಾನು.

ಆಮೇಲೆ ಅವಳು ಏನನ್ನೂ ಮಾಡಲಿಲ್ಲ. ಈಗ ಮೈದುನನ ಕಾರ್ಖಾನೆಯ ಹತ್ತಿರವೇ ಒಂದು ಕಚೇರಿಯಲ್ಲಿ ಲೆಕ್ಕಪತ್ರ ಟೈಪು ಮಾಡುತ್ತಾಳೆ. ಲ್ಯಾಪ್‌ಟಾಪಿನ ಮೇಲೆ ಇಸ್ತ್ರಿ ಅರಿವೆ ಪೇರಿಸಿದೆ. ಯಾರಾದರೂ ಇಂಗ್ಲಿಷ್ ಕಾಗದ ತಂದರೆ ನನ್ನ ಹತ್ತಿರ ಕಳಿಸುತ್ತಾಳೆ — ಅಕ್ಕಾ ಸರಿಯಾಗಿ ಹೇಳತಾರ, ಅನ್ನುತ್ತಾಳೆ. ಪ್ರತಿ ದಸರೆಗೆ ನನ್ನ ಕೈಯಲ್ಲಿ ಬನ್ನಿ ಇಟ್ಟು ಕಾಲು ಮುಟ್ಟುತ್ತಾಳೆ. ನಾನು ತಲೆಯ ಮೇಲೆ ಕೈಯಿಡುತ್ತೇನೆ. ಆ ಕೈ — ಹೋಗಲಿ, ಅದನ್ನು ಬರೆಯಲಾರೆ.

ಬರುವ ದಸರೆಗೆ ಮೊದಲು ಈ ಹಾಳೆಗಳನ್ನು ಅವಳಿಗೆ ಓದಿ ಹೇಳುತ್ತೇನೆ. ಇವು ಕನ್ನಡದಲ್ಲಿವೆ, ಯಾರ ಬಾಯಿಯನ್ನೂ ನಂಬಬೇಕಿಲ್ಲ. ಬೇಕಾದರೆ ಕಸಿದುಕೊಂಡು ತಾನೇ ಓದಲಿ. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ಅವಳು ಕ್ಷಮಿಸಿಬಿಡುತ್ತಾಳೆ, ಅದು ಗೊತ್ತು ನನಗೆ.

ಎರಡನೆಯ ಆಟ ಇನ್ನೂ ನನ್ನ ಹಳೆಯ ಫೋನಿನಲ್ಲಿದೆ. ಹುಡುಗಿ ನಾಲ್ಕನೆಯ ಮನೆಯ ಮುಂದೆ ಒಂದು ಕಾಲು ಎತ್ತಿ ನಿಂತಿದ್ದಾಳೆ. ಅವಳನ್ನು ಮುಂದೆ ಓಡಿಸುವ ಧೈರ್ಯ ನನಗೆ ಈವರೆಗೆ ಬಂದಿಲ್ಲ. ಕಾರಣ ಅವಳು ಆಟ ತೆಗೆದ ದಿನದ ಸಂಜೆಯದು.

ದೀಪ ಹಚ್ಚುವ ಹೊತ್ತು. ಕಮಲಾಬಾಯಿ ಕೋಲು ಊರಿಕೊಂಡು ರಸ್ತೆ ದಾಟಿ ಬಂದು, ಹಿಂದಿನ ವಾರ ಒಯ್ದ ನಮ್ಮ ಸ್ಟೀಲಿನ ಡಬ್ಬಿ ಕೊಟ್ಟರು. ಗೇಟಿನ ಹತ್ತಿರ ನಿಂತೇ ಮಾತು.

"ಸುನಂದಾ ಯಾಕ್ರೀ ಆಟ ತಗದ್ಲು? ನಮ್ಮ ತಂಗಿಗೆ ಹಾಕ್ಕೊ ಅಂತ ಹೇಳಿದ್ದೆ, ಸಿಗವಲ್ದು ಅಂತಾಳ. ನಾ ಮುಗಿಸಿದೆ ನೋಡ್ರಿ ನಿನ್ನೆ. ನಡುವ ಬ್ಯಾಸರ ಬಂತು ಖರೇ, ಓಡಿ ಓಡಿ ಹೆಬ್ಬಟ್ಟು ಬಾತು ಹೋತು. ಆದ್ರ ಕಡೀ ಮನಿ ಬಾಗಲಾ ತಗೀತಲ್ರಿ, ಗಳಿಸಿದ ಬಂಗಾರ ಎಲ್ಲಾ ಹೊಸ್ತಲದಾಗ ತಿರುಗಿ ಎಲಿ ಆಗಿಬಿಡ್ತು. ಒಳಗಿನಾಕಿ ಬಾ ಅಂತ ಕರದು ಚಾ ಕೊಡ್ತಾಳ, ಕಪ್ಪಿನ ಹಿಡಿ ನಮ್ಮ ಕಡೆ ತಿರುಗಿಸಿ. ನಿಮ್ಮ ಗುರ್ತು ಸಿಕ್ಕು ನಕ್ಕೆ ನಾ." ಡಬ್ಬಿಯ ಮುಚ್ಚಳ ಸರಿಯಾಗಿ ಕೂತಿರಲಿಲ್ಲ, ಅದನ್ನು ಒತ್ತಿ ಕೂರಿಸುತ್ತ ಅವರು ಕೇಳಿದರು: "ನೀವು ಎಲ್ಲೀತನಕ ಬಂದಿದ್ರಿ?"