ಠೇವಣಿ ಕಳೆದುಕೊಂಡ ಕಪ್ಪು-ಬಸಿ

ತೊಂಬತ್ತರ ದಶಕದ ನಡುವಿನಲ್ಲಿ ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಎರಡು ಕೋಣೆಯ ಮನೆಯಿಂದ ನಾನು ಸಾರಿನ ಪುಡಿ ಮಾರಲು ಶುರುಮಾಡಿದೆ. ಗಂಡ ಮಹಾಪೆಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್. ಲೋಕದ ಪ್ರತಿಯೊಂದು ವಸ್ತುವಿಗೂ ಒಂದು ಚೀಟಿ ಅಂಟಿಸಿ ಇಡುವುದು ಅವರ ಉದ್ಯೋಗವೂ ಹೌದು, ಸ್ವಭಾವವೂ ಹೌದು. ನನ್ನ ಕೆಲಸಕ್ಕೆ ಅವರು ಅಂಟಿಸಿದ ಚೀಟಿ ‘ಟೈಂಪಾಸ್’. ನಾನು ಮೆಣಸು ಹುರಿದು ಇಡೀ ಕಟ್ಟಡವೇ ಕೆಮ್ಮುತ್ತಿರುವಾಗ ಯಾರಾದರೂ ಮನೆಗೆ ಬಂದು ಇದೇನು ಎಂದು ಕೇಳಿದರೆ, ಅವರು ನಗುತ್ತಾ, “ಇವಳಿಗೆ ಮಧ್ಯಾಹ್ನ ಹೊತ್ತು ಹೋಗುದಿಲ್ಲ, ಹಾಗೆ ಎಂತದೋ ಒಂದು ಟೈಂಪಾಸ್” ಎನ್ನುತ್ತಿದ್ದರು. ವಾರಕ್ಕೆ ಎಂಟು ಕಿಲೋ ಮೆಣಸಿನ ತೊಟ್ಟು ಮುರಿದು, ಉರಿಯುವ ಕೈಯನ್ನು ಮಜ್ಜಿಗೆಯಲ್ಲಿ ಅದ್ದಿಕೊಂಡು ಕೂತವಳಿಗೆ ಆ ಮಾತು ಕೇಳಿ ಮೈಯೆಲ್ಲ ಉರಿಯುತ್ತಿತ್ತು. ಇದು ವ್ಯಾಪಾರ, ಮತ್ತು ಇದು ನನ್ನದು. ಇಷ್ಟನ್ನು ಒಬ್ಬರು ಒಪ್ಪಿಕೊಂಡರೆ ಸಾಕಿತ್ತು ನನಗೆ.

ಪುಡಿಗೆ ಹೆಸರಿಡುವಾಗಲೂ ನನ್ನನ್ನು ಯಾರೂ ಕೇಳಲಿಲ್ಲ. ಗಂಡ ತಮ್ಮ ತಾಯಿಯ ಹೆಸರಿಟ್ಟರು. ನನ್ನ ಅತ್ತೆಗೆ ಸಾರಿನ ಪುಡಿ ಮಾಡಲು ಬರುತ್ತಿರಲಿಲ್ಲ. ಉಡುಪಿಯಲ್ಲಿದ್ದಷ್ಟು ಕಾಲವೂ ಅವರು ಪಕ್ಕದ ಮನೆಯಿಂದ ತರಿಸಿಕೊಳ್ಳುತ್ತಿದ್ದರು. ಆದರೂ ಪ್ರತಿ ಪ್ಲಾಸ್ಟಿಕ್ ತೊಟ್ಟೆಯೊಳಗೆ ಅವರ ಹೆಸರಿನ ಚೀಟಿ ಹೋಗುತ್ತಿತ್ತು, ಹುರಿದು ಪುಡಿ ಮಾಡಿಸಿದವಳು ನಾನು.

ನಮ್ಮ ರಸ್ತೆಯಲ್ಲಿ ಊರಿನ ಸಾಮಾನು ಮಾರುವ ಒಂದು ಅಂಗಡಿ ಇತ್ತು. ಅಂಗಡಿಯವರು ಕಾರ್ಕಳ ಕಡೆಯವರು, ಒಳ್ಳೆಯವರೇ, ಆದರೆ ಮಾತಿಗೆ ಬೆಣ್ಣೆ ಹಚ್ಚುವ ಅಭ್ಯಾಸ ಇರಲಿಲ್ಲ. ನನ್ನ ಪುಡಿಯನ್ನು ಫಿನಾಯಿಲ್ ಬಾಟಲಿಗಳ ಬದಿಯಲ್ಲಿ ಇಡುತ್ತಿದ್ದರು. ನಾನು ಒಂದು ದಿನ ಜಗಳಕ್ಕೇ ಹೋದೆ.

“ಅಕ್ಕ, ಪುಡಿಗೆ ಎರಡು ಮಾತಿಲ್ಲ. ಆದ್ರೆ ಈ ತೊಟ್ಟೆ ನೋಡಿ. ಮೇಣದ ಬತ್ತಿಯಲ್ಲಿ ಸುಟ್ಟು ಅಂಟಿಸಿದ್ದು. ಗಿರಾಕಿಗಳು ಇದೆಂತ, ಇಲಿ ಪಾಷಾಣವಾ ಅಂತ ಕೇಳ್ತಾರೆ” ಎಂದರು. “ಒಂದು ಛಾಪು ಹಾಕಿಸಿ. ಸರಿಯಾದ ಚಿತ್ರ ಇರುವ ಛಾಪು. ಎದುರಿನ ಶೆಲ್ಫಲ್ಲಿ ಇಡುವ ಜವಾಬ್ದಾರಿ ನನ್ನದು.”

ಹೆಸರಂತೂ ಅತ್ತೆಯ ಪಾಲಾಗಿತ್ತು. ಚಿತ್ರವಾದರೂ ನಾನು ಆರಿಸಿದ್ದು ಇರಲಿ ಎಂದು ಅವತ್ತೇ ನಿಶ್ಚಯಿಸಿದೆ.

ಠಾಣೆಯ ಕೋಪರಿಯಲ್ಲಿ ಒಬ್ಬ ಜಾಹೀರಾತು ಕಲಾವಿದ ಇದ್ದಾನೆ, ದೊಡ್ಡ ದೊಡ್ಡ ಕಂಪನಿಗಳಿಗೆ ಲೋಗೋ ಮಾಡಿಕೊಡುತ್ತಾನೆ ಎಂದು ಗಂಡನೇ ಎಲ್ಲಿಂದಲೋ ವಿಳಾಸ ತಂದುಕೊಟ್ಟರು. “ಮಾಡುದಾದ್ರೆ ಪ್ರೊಫೆಶನಲ್ ಆಗಿ ಮಾಡ್ಬೇಕು ಮಾರಾಯ್ತಿ” ಎಂಬ ಉಪದೇಶ ಜೊತೆಗೆ ಬಂತು, ದುಡ್ಡು ಬರಲಿಲ್ಲ. ನಾನು ಎರಡು ಪ್ಯಾಕೆಟ್ ಪುಡಿ ಹಿಡಿದುಕೊಂಡು ಹೋದೆ. ಗಡ್ಡದ ಯುವಕ. ತಣ್ಣಗಿನ ಕೋಣೆ. ಅವನು ಪುಡಿಯನ್ನು ಮೂಸಿಯೂ ನೋಡಲಿಲ್ಲ. ಕುರ್ಚಿಗೆ ಒರಗಿ ಕೂತು, ನಿಮ್ಮ ಬ್ರಾಂಡು ಒಬ್ಬ ಮನುಷ್ಯ ಎಂದುಕೊಳ್ಳಿ, ಅದು ಗಂಡಸೋ ಹೆಂಗಸೋ ಎಂದು ಹಿಂದಿಯಲ್ಲಿ ಕೇಳಿದ. ಹೆಂಗಸು ಎಂದೆ. ಅವಳ ಸ್ವಭಾವ ಹೇಗೆ ಎಂದ. ಹೆಸರು ಅತ್ತೆಯದು, ಸ್ವಭಾವ ಸೊಸೆಯದು ಎಂದೆ. ಅವನು ಅದನ್ನು ಶ್ರದ್ಧೆಯಿಂದ ಬರೆದುಕೊಂಡ. ಕೊನೆಗೆ ಐದು ಸಾವಿರ ಆಗುತ್ತದೆ, ಅರ್ಧ ಮುಂಗಡ ಎಂದ. ನಾನು ಎದ್ದು, ಮೇಜಿನ ಮೇಲೆ ಇಟ್ಟಿದ್ದ ಎರಡೂ ಪ್ಯಾಕೆಟ್ಟುಗಳನ್ನು ಚೀಲಕ್ಕೆ ಹಾಕಿಕೊಂಡು ಬಂದೆ.

ನಾನು ಮೆಣಸು ಪುಡಿ ಮಾಡಿಸುತ್ತಿದ್ದ ಗಿರಣಿಯ ಬೋರ್ಡಿನಲ್ಲಿ ಒಂದು ಕೆಂಪು ಮೆಣಸಿನಕಾಯಿ ಇತ್ತು. ನೋಡಿದರೇ ಕಣ್ಣಲ್ಲಿ ನೀರು ಬರುವ ಹಾಗೆ ಬರೆದಿದ್ದರು. ಬರೆದವರು ಯಾರು ಎಂದು ಗಿರಣಿಯವನನ್ನು ಕೇಳಿದೆ. ಕಲ್ಯಾಣ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಒಬ್ಬ ಪೇಂಟರ್ ಇದ್ದಾನೆ, ನಿಮ್ಮ ಭಾಷೆಯವನೇ ಎಂದ. ಮರುದಿನವೇ ಹೋದೆ.

ತಗಡಿನ ಶೆಡ್ಡು. ಬಿಜಾಪುರ ಕಡೆಯವನು, ನಡುವಯಸ್ಸು, ಕಿವಿಯ ಮೇಲೂ ಬಣ್ಣ. ನಾನು ಲೋಗೋ ಬೇಕು ಎಂದೆ.

“ಲೋಗೋ ಅಂದ್ರ ನಿಶಾನಿ ಏನ್ರಿ ಅಕ್ಕಾರ?”

“ಹೌದು, ನಿಶಾನಿ.”

“ಹಂಗಾರ ಒಳಗ ಬರ್ರಿ. ನಿಶಾನಿಗೇನ್ ಬರ ಐತ್ರಿ ನಮ್ಮಲ್ಲಿ?”

ಗೋಡೆಯ ಉದ್ದಕ್ಕೂ ಮೊಳೆಗಳಿಗೆ ತಗಡಿನ ಹಾಳೆಗಳು ನೇತಾಡುತ್ತಿದ್ದವು. ಪ್ರತಿ ಹಾಳೆಯಲ್ಲೂ ಒಂದೊಂದು ಚಿತ್ರ ಕತ್ತರಿಸಿ ತೆಗೆದಿತ್ತು. ಅದನ್ನು ಗೋಡೆಗೆ ಒತ್ತಿ ಹಿಡಿದು ಮೇಲಿಂದ ಬಣ್ಣ ಹೊಡೆದರೆ ಚಿತ್ರ ಮೂಡುತ್ತದೆ. ಹೊಲಿಗೆ ಯಂತ್ರ, ಏಣಿ, ಟೇಬಲ್ ಫ್ಯಾನು, ಬೀಗದ ಕೈ, ಕಪ್ಪು-ಬಸಿ. ಇಷ್ಟೊಂದು ವ್ಯಾಪಾರಗಳಿಗೆ ನಿಶಾನಿ ಮಾಡಿದ್ದೀಯಾ ಎಂದು ನಾನು ಬೆರಗಾದೆ. ಅವನು ನಕ್ಕ.

“ವ್ಯಾಪಾರದ್ದಲ್ರಿ, ಎಲೆಕ್ಷನ್ನಿಂದು. ಮುನ್ಸಿಪಾಲ್ಟಿ ಎಲೆಕ್ಷನ್ನಿಗೆ ನಿಂತಿದ್ರಲ್ರಿ, ಆ ಪಾರ್ಟಿ ಇಲ್ಲದ ಮಂದಿ, ಅವ್ರದು. ಗೆದ್ದಾವ್ರು ತಮ್ಮ ತಗಡ ತಾವು ಒಯ್ದ್ರು. ಇವೆಲ್ಲಾ ಬಿದ್ದಾವ್ರದು. ಡಿಪಾಜಿಟ್ ಹೋತು, ಹೊಳ್ಳಿ ಮಾರಿ ತೋರಸ್ಲಿಲ್ಲ.”

“ಬಿದ್ದವರ ನಿಶಾನಿ ನನಗ್ಯಾಕಪ್ಪ?”

“ಬಿದ್ದಾವ್ರು ಮಂದಿ ಅಕ್ಕಾರ, ಚಿತ್ರ ಏನ್ ಮಾಡೇತಿ? ಓದಾಕ ಬರದಾವ್ರಿಗೂ ದೂರದಿಂದ ಗುರ್ತ ಹತ್ತಬೇಕು ಅಂತ ಸರ್ಕಾರದಾವ್ರೇ ಪಾಸ್ ಮಾಡಿದ ಡಿಸೈನ್ರೀ ಇವು. ಇದಕ್ಕಿಂತ ಪಕ್ಕಾ ಮಾಲು ಎಲ್ಲಿ ಸಿಗತೈತಿ?”

ಕೋಪರಿಯ ಕಲಾವಿದ ಅರ್ಧ ಗಂಟೆ ಮಾತಾಡಿಯೂ ಇಷ್ಟು ಸರಿಯಾದ ಒಂದು ಮಾತು ಹೇಳಿರಲಿಲ್ಲ. ನಾನು ಕಪ್ಪು-ಬಸಿಯ ಎದುರು ನಿಂತೆ. ದುಂಡನೆಯ ಕಪ್ಪು, ಅದರ ಮೇಲೆ ಹಬೆಯ ಮೂರು ಗೆರೆ. ಶೀತವಾದಾಗ ನಾನು ಸಾರನ್ನು ಕಪ್ಪಿನಲ್ಲೇ ಕುಡಿಯುವವಳು. ನೂರೈವತ್ತಕ್ಕೆ ಶುರುವಾದದ್ದು ನೂರಿಪ್ಪತ್ತು ಮತ್ತು ಒಂದು ಪ್ಯಾಕೆಟ್ ಪುಡಿಗೆ ಇತ್ಯರ್ಥವಾಯಿತು. ಅವನು ಆ ಚಿತ್ರವನ್ನು ಬಿಳಿ ರಟ್ಟಿನ ಮೇಲೆ ಕಪ್ಪು ಶಾಯಿಯಲ್ಲಿ ಸಣ್ಣದಾಗಿ, ಕೂದಲೆಳೆಯಷ್ಟೂ ಅಲುಗದ ಗೆರೆಯಲ್ಲಿ ಬರೆದುಕೊಟ್ಟ. ಪಕ್ಕದ ಪ್ರೆಸ್ಸಿನವನು ಅದನ್ನು ಕೆಂಪು ಬಣ್ಣದಲ್ಲಿ ಲೇಬಲ್ ಮಾಡಿ ಅಚ್ಚು ಹಾಕುತ್ತೇನೆಂದ.

ಮನೆಗೆ ಬಂದು ನಾನು ಸುಳ್ಳು ಹೇಳಿದೆ. ಕೋಪರಿಯ ಕಲಾವಿದನೇ ಮಾಡಿದ್ದು, ಚೌಕಾಸಿ ಮಾಡಿ ಐನೂರಕ್ಕೆ ಇಳಿಸಿದೆ ಎಂದೆ. ಐನೂರನ್ನೂ ಗಂಡನಿಂದ ಪಡೆದುಕೊಂಡೆ. ಉಳಿದದ್ದಕ್ಕೆ ದೊಡ್ಡದೊಂದು ಬಾಣಲೆ ಬಂತು. ಈಗಲೂ ನನಗೆ ಇದರಲ್ಲಿ ಪಶ್ಚಾತ್ತಾಪವಿಲ್ಲ.

ಗಂಡ ಆ ರಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು, ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. “ಪ್ರೊಫೆಶನಲ್ ಅಂದ್ರೆ ಪ್ರೊಫೆಶನಲ್ಲೇ. ಈ ಮೂರು ಗೆರೆ ನೋಡಿದ್ಯಾ? ಒಂದು ಕೊತ್ತಂಬರಿ, ಒಂದು ಜೀರಿಗೆ, ಒಂದು ಮೆಂತೆ. ಎಂಥ ತಲೆ ಮಾರಾಯ್ತಿ ಅವನದ್ದು!” ನಾನು ತುಟಿ ಕಚ್ಚಿಕೊಂಡು ಅಡಿಗೆಕೋಣೆಗೆ ಓಡಿದೆ.

ಛಾಪು ಬಂದ ಮೇಲೆ ಅಂಗಡಿಯವರು ಮಾತು ಉಳಿಸಿಕೊಂಡರು. ಪುಡಿ ಎದುರಿನ ಶೆಲ್ಫಿಗೆ ಬಂತು. ಘಣಸೋಲಿಯಿಂದ, ಕಲ್ಯಾಣದಿಂದ ಬೇರೆ ಅಂಗಡಿಯವರೂ ಹೇಳಿಕಳಿಸಿದರು. ಆದರೆ ಅದರ ಜೊತೆಗೆ ನಾನು ಎಣಿಸದೇ ಇದ್ದ ಒಂದು ಅನಾಹುತವೂ ನಡೆಯಿತು. ಗಂಡನ ಬಾಯಲ್ಲಿ ಟೈಂಪಾಸ್ ಹೋಗಿ ‘ನಮ್ಮ ಕಂಪನಿ’ ಬಂತು. ಎರಡು ತಿಂಗಳಲ್ಲಿ ಅದು ‘ನನ್ನದೊಂದು ಸೈಡ್ ಬಿಸಿನೆಸ್’ ಆಯಿತು. ಮಹಾಪೆಯ ಸಹೋದ್ಯೋಗಿಗಳಿಗೆ ಲೇಬಲ್ ತೋರಿಸಿ ಮೂರು ಗೆರೆಯ ಅರ್ಥ ವಿವರಿಸುತ್ತಿದ್ದರು. ಒಮ್ಮೆ ಅವರ ಮೇಲಧಿಕಾರಿ ಮನೆಗೆ ಬಂದವರು ನನ್ನ ಎದುರಿಗೇ, ನಿಮ್ಮ ಯಜಮಾನರಿಗೆ ವ್ಯಾಪಾರದ ಬುದ್ಧಿ ಚೆನ್ನಾಗಿದೆ, ನೀವೂ ಸ್ವಲ್ಪ ಸಹಾಯ ಮಾಡುತ್ತೀರಂತೆ ಎಂದರು. ನಾನು ಅವರಿಗೆ ಸಕ್ಕರೆ ಹಾಕದ ಕಾಫಿ ಕೊಟ್ಟೆ. ಟೈಂಪಾಸ್ ಆಗಿದ್ದಾಗಲಾದರೂ ಅದು ನನ್ನದಾಗಿತ್ತು. ಈಗ ಅದೂ ಕೈತಪ್ಪಿತ್ತು, ಬಾಯಿಬಿಟ್ಟು ಜಗಳವಾಡೋಣವೆಂದರೆ ಆ ಲೋಗೋ ಎಲ್ಲಿಂದ ಬಂತೆಂಬ ಮಾತು ಹೊರಬರುತ್ತಿತ್ತು. ನನಗೆ ನಿಜವಾಗಿಯೂ ಅಳು ಬರುತ್ತಿತ್ತು.

ಹೀಗಿರುವಾಗ ನಮ್ಮ ವಾರ್ಡಿನ ನಗರಸೇವಕರು, ಎಂದರೆ ಕಾರ್ಪೊರೇಟರು, ತೀರಿಕೊಂಡು ಉಪಚುನಾವಣೆ ಬಂತು. ಒಂದು ಸಂಜೆ ಗಂಡ ಸ್ಟೇಷನ್ನಿನಿಂದ ಏದುಸಿರು ಬಿಡುತ್ತಾ ಬಂದರು. ಮುಖ ಕೆಂಪಾಗಿತ್ತು.

“ಕಳ್ಳತನ! ಹಾಡಹಗಲೇ ಕಳ್ಳತನ! ನಮ್ಮ ಲೋಗೋ ಕದ್ದಿದ್ದಾರೆ! ಗೋಡೆ ಗೋಡೆಯಲ್ಲೂ ಬರ್ದಿದ್ದಾರೆ ಮಾರಾಯ್ತಿ!”

ನಾನು ಬಾಲ್ಕನಿಗೆ ಹೋಗಿ ನೋಡಿದೆ. ಎದುರಿನ ಕಾಂಪೌಂಡಿನ ಮೇಲೆ ಆಳೆತ್ತರದ ಕಪ್ಪು-ಬಸಿ. ಮೂರು ಗೆರೆ ಹಬೆ. ಒಬ್ಬ ಪಕ್ಷೇತರ ಅಭ್ಯರ್ಥಿಗೆ ಆ ಚಿಹ್ನೆ ಸಿಕ್ಕಿತ್ತು. ಬರೆದ ಕೈ ಯಾವುದೆಂದು ನನಗೆ ದೂರದಿಂದಲೇ ಗೊತ್ತಾಯಿತು.

“ಇರ್ಲಿ ಬಿಡಿ, ಎಲೆಕ್ಷನ್ ಮುಗಿದ ಮೇಲೆ ಸುಣ್ಣ ಹೊಡೀತಾರೆ” ಎಂದೆ. ಅವರು ಕೇಳಬೇಕಲ್ಲ. ದುಡ್ಡು ಕೊಟ್ಟು ಮಾಡಿಸಿದ್ದು, ಕೋರ್ಟಿಗೆ ಹೋಗುತ್ತೇನೆ ಎನ್ನುತ್ತಾ ಚಪ್ಪಲಿ ಮೆಟ್ಟಿಕೊಂಡು ಸೀದಾ ಅಭ್ಯರ್ಥಿಯ ಪೆಂಡಾಲಿಗೇ ನಡೆದರು. ಅಲ್ಲಿ ನಡೆದದ್ದನ್ನು ಆಮೇಲೆ ಕೆಳಗಿನ ಮನೆಯವರು ಹೇಳಿದರು. ಗಂಡ ಚೀಲದಿಂದ ಪುಡಿಯ ಪ್ಯಾಕೆಟ್ ತೆಗೆದು, ಇದು ನಮ್ಮ ನಿಶಾನಿ, ನಮ್ಮದು ಎಂದು ಕೂಗಿದರಂತೆ. ಅವರ ಮರಾಠಿ ಸಿಟ್ಟು ಬಂದಾಗ ಇನ್ನೂ ಕುಂಟುತ್ತದೆ. ಪೆಂಡಾಲಿನ ಹುಡುಗರು, ಯಾರೋ ಉಡುಪಿಯ ಹಿರಿಯರು ಪ್ಯಾಕೆಟ್ ಛಾಪಿಸಿಕೊಂಡು ಬೆಂಬಲಕ್ಕೆ ಬಂದಿದ್ದಾರೆ ಎಂದು ಖುಷಿಯಾಗಿ, ಜೈಕಾರ ಹಾಕಿ, ಕೊರಳಿಗೆ ಹಾರ ಹಾಕಿ, ಚಹಾ ಕುಡಿಸಿ ಕಳಿಸಿದರಂತೆ. ಗಂಡ ಚೆಂಡುಹೂವಿನ ಹಾರವನ್ನು ಕೈಯಲ್ಲಿ ಹಿಡಿದುಕೊಂಡು ಮನೆಗೆ ಬಂದು, ಅದನ್ನು ಬಾಗಿಲ ಮೊಳೆಗೆ ಸಿಕ್ಕಿಸಿ ಮಲಗಿದರು.

ಅದಾದ ಮೂರನೇ ದಿನ, ಭಾನುವಾರ, ಅಂಗಡಿಯವರು ಹೇಳಿಕಳಿಸಿದರು, ಇಬ್ಬರೂ ಬೇಗ ಬನ್ನಿ ಎಂದು. ಹೋಗಿ ನೋಡಿದರೆ ಚುನಾವಣೆಯ ಮೇಲ್ವಿಚಾರಣೆಗೆ ಬಂದಿದ್ದ ಒಬ್ಬ ಸಾಹೇಬರು ಕೌಂಟರಿನ ಹತ್ತಿರ ಸ್ಟೂಲಿನ ಮೇಲೆ ಕೂತಿದ್ದರು. ಅವರ ಮುಂದೆ ನನ್ನ ಪುಡಿಯ ಪ್ಯಾಕೆಟ್ಟುಗಳ ರಾಶಿ. ವೃತ್ತಿಯಿಂದ ಅವರು ಶಾಲೆಯ ಮಾಸ್ತರು, ಚುನಾವಣೆಯ ಡ್ಯೂಟಿಗೆ ಹಾಕಿದ್ದರು. ಕಪ್ಪು-ಬಸಿಯ ಅಭ್ಯರ್ಥಿ ಮತದಾರರಿಗೆ ಸಾರಿನ ಪುಡಿ ಹಂಚುತ್ತಿದ್ದಾನೆ ಎಂದು ಎದುರಾಳಿಗಳು ದೂರು ಕೊಟ್ಟಿದ್ದರು. ಪ್ಯಾಕೆಟ್ಟಿನೊಡನೆ ಒಬ್ಬ ಮನುಷ್ಯ ಪೆಂಡಾಲಿಗೆ ಹೋಗಿ ಹಾರ ಹಾಕಿಸಿಕೊಂಡದ್ದನ್ನು ಹತ್ತು ಜನ ನೋಡಿದ್ದರು. ಅಂಗಡಿಯವರ ಮುಖ ಇಳಿದುಹೋಗಿತ್ತು. “ಅಕ್ಕ, ಇದು ಸರಿಯಾಗದಿದ್ರೆ ನಾನು ನಿಮ್ಮ ಪುಡಿ ಇನ್ನು ಇಡ್ಲಿಕ್ಕಿಲ್ಲ” ಎಂದರು ಮೆಲ್ಲಗೆ.

ಮಾಸ್ತರು ಪೆನ್ನಿನ ಮುಚ್ಚಳ ತೆಗೆದು ನನ್ನ ಗಂಡನ ಮುಖ ನೋಡಿದರು. “ಮಾಲಕ್ ಕೋಣ್?”

ಮಾಲಕ ಯಾರು! ಮಹಾಪೆಯಲ್ಲಿ, ನೆಂಟರ ಮನೆಗಳಲ್ಲಿ, ಲೋಕಲ್ ರೈಲಿನ ಡಬ್ಬಿಯಲ್ಲಿ ಯಾರೂ ಕೇಳದಿದ್ದರೂ ಗಂಡ ಕೊಡುತ್ತಿದ್ದ ಉತ್ತರವನ್ನು ಈಗ ಒಬ್ಬ ಸರಕಾರಿ ಮನುಷ್ಯ ಕಾಗದ ಹಿಡಿದು ಕೇಳುತ್ತಿದ್ದ. ಗಂಡ ಒಂದು ಹೆಜ್ಜೆ ಹಿಂದೆ ಸರಿದರು. ತೋರುಬೆರಳನ್ನು ಎತ್ತಿ ನನ್ನ ಕಡೆ ತೋರಿಸಿದರು.

“ಇವಳು. ಎಲ್ಲಾ ಇವಳದ್ದೇ ಸಾಹೇಬ್. ಹುರಿಯುದು, ಪುಡಿ ಮಾಡಿಸುದು, ಮಾರುದು, ಎಲ್ಲಾ ಇವಳೇ. ನನಗೆ ಇದರಲ್ಲಿ ಎಂತದೂ ಸಂಬಂಧ ಇಲ್ಲ!” ಹೆದರಿಕೆಯಲ್ಲಿ ಕನ್ನಡದಲ್ಲೇ ಹೇಳಿದರು. ನಂತರ ನೆನಪಾಗಿ ಅದನ್ನೇ ಹಿಂದಿಯಲ್ಲೂ, ಮರಾಠಿಯಲ್ಲೂ ಹೇಳಿದರು. ನನಗೆ ಮೂರು ಭಾಷೆಯಲ್ಲೂ ಹಿತವಾಗಿ ಕೇಳಿಸಿತು.

ನಾನು ಮುಂದೆ ಹೋಗಿ ಎಲ್ಲವನ್ನೂ ಹೇಳಿಬಿಟ್ಟೆ. ಕಲ್ಯಾಣದ ಶೆಡ್ಡು, ಬಿದ್ದವರ ತಗಡು, ನೂರಿಪ್ಪತ್ತು ರೂಪಾಯಿ ಮತ್ತು ಒಂದು ಪ್ಯಾಕೆಟ್. ಗಂಡ ನೂರಿಪ್ಪತ್ತು ಎಂಬಲ್ಲಿ ತಲೆಯೆತ್ತಿ ನನ್ನನ್ನು ನೋಡಿದರು, ನಾನು ನೋಡಲಿಲ್ಲ. ಕಳೆದ ವರ್ಷದ ಬಿಲ್ಲುಗಳಲ್ಲೂ ಇದೇ ಪುಡಿ ಇದೆ ಎಂದು ಅಂಗಡಿಯವರು ತೆಗೆದು ತೋರಿಸಿದರು. ಮಾಸ್ತರು ನಗು ತಡೆದುಕೊಳ್ಳಲು ಆಗದೆ ಕನ್ನಡಕ ಒರೆಸಿಕೊಂಡರು. ಮತದಾನ ಮುಗಿಯುವವರೆಗೆ ಚಿತ್ರದ ಮೇಲೆ ಬಿಳಿ ಕಾಗದ ಅಂಟಿಸಿ ಮಾರಿ, ಆಮೇಲೆ ಕಿತ್ತುಹಾಕಿ ಎಂದರು. ಈ ಚಿತ್ರಕ್ಕೂ ಅಭ್ಯರ್ಥಿಗೂ ಸಂಬಂಧವಿಲ್ಲ ಎಂದು ಒಂದು ಹೇಳಿಕೆ ಬರೆದು, ನನ್ನ ಹೆಸರು ಕೇಳಿ, ಅದರ ಮುಂದೆ ಗುಂಡಗಿನ ಅಕ್ಷರದಲ್ಲಿ ‘ಮಾಲಕೀಣ್’ ಎಂದು ಬರೆದರು. ಮಾಲಕಿ. ನಾನು ಸಹಿ ಹಾಕಿದೆ.

ಆಮೇಲೆ ನನಗೂ ಒಂದು ಪ್ರತಿ ಬೇಕು ಎಂದೆ.

“ಕಾಪಿ ಕಶಾಲಾ, ವಹಿನಿ?” ಯಾಕೆ ಬೇಕು ಎಂದು ಮಾಸ್ತರಿಗೆ ಅರ್ಥವಾಗಲಿಲ್ಲ. ಕಾರ್ಬನ್ ಪೇಪರೂ ಇರಲಿಲ್ಲ.

“ಇದು ನನ್ನದು ಅಂತ ಬರೆದಿರುವ ಕಾಗದ ಇದೊಂದೇ ಸಾಹೇಬ್” ಎಂದೆ, ನನಗೆ ಬರುವಷ್ಟು ಮರಾಠಿಯಲ್ಲಿ.

ಅವರು ಒಂದು ಗಳಿಗೆ ನನ್ನನ್ನೂ, ಹಿಂದೆ ನಿಂತಿದ್ದ ಗಂಡನನ್ನೂ ನೋಡಿದರು. ಇನ್ನೊಂದು ಹಾಳೆ ತೆಗೆದು ಇಡೀ ಹೇಳಿಕೆಯನ್ನು ಮೊದಲಿನಿಂದ ಮತ್ತೆ ಬರೆದರು. ನನಗೆ ಕೊಡುವ ಮೊದಲು ಸ್ಕೇಲು ಇಲ್ಲದೆಯೇ ನೇರವಾಗಿ, ‘ಮಾಲಕೀಣ್’ ಎಂಬುದರ ಕೆಳಗೆ ಒಂದು ಗೆರೆ ಎಳೆದರು. ಅಂಗಡಿಯಲ್ಲಿ ಏಳೆಂಟು ಗಿರಾಕಿಗಳು ನಿಂತಿದ್ದರು. ನಾನು ಆ ಕಾಗದವನ್ನು ಹಿಡಿದುಕೊಂಡು, ಗಂಡನಿಗೆ ಸರಿಯಾಗಿ ಕೇಳಿಸುವ ಹಾಗೆ, ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದೆ.